ಪರಂಗಿಯವರ ಊರಿನಲ್ಲಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಫ್ರೆಂಚರನ್ನು ಬೈಯುತ್ತಿದ್ದೆ. ಒಂದು ಕಾಗದಕ್ಕೆ ಮೂರು ಸಲ ಅಲೆಸಿದರು, ಊಟದ ಹೊತ್ತು ಅಂತ ಮುಖದ ಮೇಲೇ ಬಾಗಿಲು ಹಾಕಿದರು, ಇಂಗ್ಲಿಷ್ ಗೊತ್ತಿದ್ದರೂ ಬಾಯಿ ಬಿಡಲಿಲ್ಲ ಅಂತ. ನಾನು ತಟ್ಟನೆ 'ಹಾಗೆಲ್ಲ ಅನ್ನಬೇಡ ಪುಟ್ಟಿ, ಅವರಿಗೂ ಅವರದೇ ಒಂದು ರೀತಿ ಇದೆ' ಅಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮಾ, ಹೋದ ವರ್ಷ ಇಲ್ಲಿಗೆ ಬಂದಾಗ ದಿನಾ ಬೈದಿದ್ದು ನೀನಲ್ವಾ?' ಅಂತ ಕೇಳಿದೆ.

ಹೌದು, ನಾನೇ. ಫ್ರಾನ್ಸಿನ ಲಿಯಾನ್ ಊರಿನಲ್ಲಿ ನಿನ್ನ ಜೊತೆ ಇದ್ದ ಎರಡು ತಿಂಗಳಲ್ಲಿ ಮೊದಲ ಮೂರು ವಾರ ನನಗೆ ಆ ಜನರ ಒಂದು ಗುಣವೂ ಹಿಡಿಸಲಿಲ್ಲ. ಈಗ ಅವರ ಪರವಾಗಿ ಮಾತಾಡುತ್ತಿದ್ದೇನೆ. ಯಾಕೆ ಅಂತ ಫೋನಿನಲ್ಲಿ ಹೇಳಲು ಬರಲಿಲ್ಲ. ನಾಲ್ಕು ದಿನ ಯೋಚಿಸಿ ಬರೆಯಲು ಕೂತಿದ್ದೇನೆ.

ಮೊದಲಿಗೆ ಒಂದು ಮಾತು. ಅಲ್ಲಿಗೆ ಬರುವ ಮುಂಚೆ ಫ್ರೆಂಚರ ಬಗ್ಗೆ ನನಗೆ ಗೊತ್ತಿದ್ದದ್ದು ಹೆಚ್ಚು ಕಡಿಮೆ ಎಲ್ಲವೂ ಇಂಗ್ಲಿಷರು ಹೇಳಿಕೊಟ್ಟದ್ದು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳದೆ ಕೇಳದೆ ರಜಾ ಹಾಕಿದರೆ 'ಫ್ರೆಂಚ್ ಲೀವ್' ಅನ್ನುತ್ತಿದ್ದೆವು. ಅಂದರೆ ಫ್ರೆಂಚರು ಹೇಳದೆ ಜಾರಿಕೊಳ್ಳುವ ಜನ ಅಂತ ತಾನೇ ಅರ್ಥ? ನಿನ್ನ ಮೇಲಿನ ಮನೆಯ ಅಜ್ಜಿಗೆ ನೀನು ಇದನ್ನು ಹೇಳಿದಾಗ ಅವರು ಕಣ್ಣರಳಿಸಿದ್ದು ನೆನಪಿದೆಯಾ? ಅದೇ ಕೆಲಸಕ್ಕೆ ಅವರು 'ಇಂಗ್ಲಿಷರ ಹಾಗೆ ಜಾರಿಕೊಳ್ಳುವುದು' ಅನ್ನುತ್ತಾರಂತೆ. ಇಬ್ಬರೂ ಒಂದೇ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು ನೂರಾರು ವರ್ಷ ಕಳೆದಿದ್ದಾರೆ. ಮಧ್ಯೆ ದೊಡ್ಡಬಳ್ಳಾಪುರದಲ್ಲಿ ಕೂತ ನಾವು ಒಬ್ಬರ ಮಾತನ್ನು ಮಾತ್ರ ಕೇಳಿದ್ದೆವು. ಆ ದಿನ ನನಗೆ ನಿಜವಾಗಿ ಒಂದು ಕಿಟಕಿ ತೆರೆದ ಹಾಗಾಯಿತು.

ಮೊದಲ ಜಗಳ ಬ್ರೆಡ್ಡಿನ ಅಂಗಡಿಯಲ್ಲಿ. ನೀನು ಕೆಲಸಕ್ಕೆ ಹೋಗಿದ್ದೆ. ನಾನು ಒಳಗೆ ಹೋಗಿ ಬಗೆತ್ ಅನ್ನುವ ಉದ್ದನೆಯ ಬ್ರೆಡ್ಡಿನ ಕಡೆ ಬೆರಳು ತೋರಿಸಿ ಒಂದು ಅಂದೆ. ಆ ಹೆಂಗಸು ಅಲುಗಾಡಲಿಲ್ಲ. ನನ್ನ ಮುಖ ನೋಡಿ ಗಟ್ಟಿಯಾಗಿ 'ಬೋಂಜೂರ್', ಅಂದರೆ ನಮಸ್ಕಾರ, ಅಂದಳು. ನಾನು ಮತ್ತೆ ಬೆರಳು ತೋರಿಸಿದೆ. ಅವಳು ಮತ್ತೆ 'ಬೋಂಜೂರ್'. ಎಷ್ಟು ಸೊಕ್ಕು ಅಂತ ಕೋಪದಲ್ಲಿ ಬರಿಗೈಯಲ್ಲಿ ವಾಪಸ್ ಬಂದೆ. ಸಂಜೆ ನೀನು ಹೇಳಿದೆ, 'ಅಮ್ಮಾ, ಇಲ್ಲಿ ಅಂಗಡಿಗೆ ಹೋಗುವುದು ಅಂದರೆ ಒಬ್ಬರ ಮನೆಗೆ ಹೋದ ಹಾಗೆ. ಮೊದಲು ಮಾತಾಡಿಸಬೇಕು' ಅಂತ. ರಾತ್ರಿ ಮಲಗಿ ಯೋಚಿಸಿದೆ. ನಮ್ಮ ಬೀದಿಗೆ ಯಾರೋ ಬಂದು ಊಟ ಆಯ್ತಾ, ಚೆನ್ನಾಗಿದ್ದೀರಾ ಅಂತ ಒಂದು ಮಾತೂ ಇಲ್ಲದೆ ನೇರವಾಗಿ 'ಒಂದು ಸೀರೆ ಕೊಡಿ' ಅಂದರೆ ಸೀರೆ ನೇಯುತ್ತಿದ್ದ ನಿಮ್ಮ ತಾತ ಏನು ಅನ್ನುತ್ತಿದ್ದರು? ಆ ಹೆಂಗಸು ನನ್ನನ್ನು ಅವಮಾನ ಮಾಡಿರಲಿಲ್ಲ. ನಾನೇ ಅವಳನ್ನು ಮನುಷ್ಯಳು ಅಂತ ಗಮನಿಸದೆ ಬ್ರೆಡ್ಡನ್ನು ಮಾತ್ರ ನೋಡಿದ್ದೆ. ಮಾರನೇ ದಿನ ಬಾಗಿಲಲ್ಲೇ ಬೋಂಜೂರ್ ಹೇಳಿದೆ. ಅವಳ ನಗು ನೋಡಬೇಕಿತ್ತು ನೀನು. ಆಮೇಲೆ ದಿನಾ ಚೆನ್ನಾಗಿ ಬೆಂದ ಬಗೆತ್ ಹುಡುಕಿ ಕೊಡುತ್ತಿದ್ದಳು.

ಆ ಬಗೆತ್ ಬಗ್ಗೆ ನೀನು ಓದಿ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. 1993ರಲ್ಲಿ ಅವರ ಸರ್ಕಾರ ಒಂದು ಆದೇಶ ಹೊರಡಿಸಿದೆ. 'ಫ್ರೆಂಚ್ ಸಂಪ್ರದಾಯದ ಬ್ರೆಡ್' ಅಂತ ಹೆಸರಿಟ್ಟು ಮಾರಬೇಕಾದರೆ ತಯಾರಿಯ ಯಾವ ಹಂತದಲ್ಲೂ ಅದನ್ನು ಫ್ರೀಜ್ ಮಾಡುವಂತಿಲ್ಲ, ಬೇರೆ ರಾಸಾಯನಿಕ ಸೇರಿಸುವಂತಿಲ್ಲ. 2022ರಲ್ಲಿ ಯುನೆಸ್ಕೋ ಬಗೆತ್ ಮಾಡುವ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರೆಡ್ಡಿಗೆ ಇಷ್ಟೆಲ್ಲ ಬೇಕಾ ಅಂತ ಮೊದಲು ಅನ್ನಿಸಿತು. ಆಮೇಲೆ ನಮ್ಮ ರಾಗಿಯ ನೆನಪಾಯಿತು. ನಾನು ಚಿಕ್ಕವಳಿದ್ದಾಗ ರಾಗಿ ಮುದ್ದೆ ಅಂದರೆ ಬಡವರ ಊಟ ಅಂತ ನಾವೇ ಅಂದುಕೊಂಡಿದ್ದೆವು. ನೆಂಟರು ಬಂದರೆ ಮುದ್ದೆ ಮುಚ್ಚಿಟ್ಟು ಅನ್ನ ಬಡಿಸುತ್ತಿದ್ದೆವು. ಬಡವರು ಸಾಹುಕಾರರು ಎಲ್ಲರೂ ತಿನ್ನುವ ಊಟದ ಮೇಲೆ ಅವರಿಗೆ ಇರುವ ಅಭಿಮಾನ ನಮಗೂ ಇರಬೇಕಿತ್ತು.

ಇನ್ನು ಲೆಕ್ಕದ ವಿಷಯ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದವಳು ನಾನು. ಆದರೆ ಸಂತೆಯಲ್ಲಿ ಚಿಲ್ಲರೆ ಎಣಿಸಲು ಬರಲಿಲ್ಲ. ಅವರಿಗೆ ತೊಂಬತ್ತೇಳು ಅನ್ನುವುದಕ್ಕೆ ಒಂದು ಮಾತಿಲ್ಲ. 'ನಾಲ್ಕು ಇಪ್ಪತ್ತು, ಹದಿನೇಳು' ಅನ್ನಬೇಕು. ಆ ಹದಿನೇಳನ್ನೂ ಹತ್ತು, ಏಳು ಅಂತ ಬಿಡಿಸಿ ಹೇಳುತ್ತಾರೆ. ಪಕ್ಕದ ಬೆಲ್ಜಿಯಂನವರೂ ಸ್ವಿಸ್ಸಿನವರೂ ಅದೇ ಭಾಷೆಯಲ್ಲಿ ತೊಂಬತ್ತಕ್ಕೆ ಸುಲಭದ ಪದ ಇಟ್ಟುಕೊಂಡಿದ್ದಾರೆ, ಇವರು ಮಾತ್ರ ಬಿಡುವುದಿಲ್ಲ. ಇದನ್ನು ಮಾತ್ರ ನಾನು ಇವತ್ತಿಗೂ ಒಪ್ಪಿಲ್ಲ.

ಆದರೆ ಪುಟ್ಟಿ, ಇದೇ ಜನ ಇಡೀ ಪ್ರಪಂಚಕ್ಕೆ ಮೀಟರು, ಕಿಲೋ ಕೊಟ್ಟವರು. ಊರಿಗೊಂದು ಅಳತೆ ಇದ್ದು ರೈತರಿಗೆ ಮೋಸವಾಗುತ್ತಿದ್ದ ಕಾಲದಲ್ಲಿ, ಎಲ್ಲರಿಗೂ ಒಂದೇ ಅಳತೆ ಬೇಕು, ಅದು ಯಾವ ರಾಜನ ಕೈ ಕಾಲಿನ ಉದ್ದವೂ ಆಗಿರಬಾರದು ಅಂತ ಅವರು ಭೂಮಿಯನ್ನೇ ಅಳೆಯಲು ಹೊರಟರು. 1792ರಿಂದ 1798ರವರೆಗೆ, ಕ್ರಾಂತಿಯ ಗಲಾಟೆಯ ನಡುವೆ, ಡೆಲಾಂಬ್ರ ಮತ್ತು ಮೆಶೇನ್ ಎಂಬ ಇಬ್ಬರು ಡಂಕರ್ಕಿನಿಂದ ಬಾರ್ಸಿಲೋನಾದವರೆಗೆ ಅಳೆದರು. ಮೀಟರು, ಕಿಲೋಗಳ ಹಾಗೇ ಹತ್ತರ ಲೆಕ್ಕದ ದಶಮಾಂಶ ನಾಣ್ಯ ನಮ್ಮ ದೇಶಕ್ಕೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ನಮ್ಮಜ್ಜಿ ಕೊನೆಯವರೆಗೂ ಆಣೆಯಲ್ಲೇ ಲೆಕ್ಕ ಹಾಕಿದರು. ಗಣಿತದಲ್ಲಿ ಹೆಸರಾದ ಪಾಸ್ಕಲ್, ಫರ್ಮಾ, ಗಾಲ್ವಾ ಎಲ್ಲರೂ ಅಲ್ಲಿಯವರೇ. ಗ್ರಾಫ್ ಹಾಳೆ ಹಿಡಿದು ಎಕ್ಸ್ ಅಕ್ಷ, ವೈ ಅಕ್ಷ ಅಂತ ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠ ಡೆಕಾರ್ಟನಿಂದ ಬಂದದ್ದು. ಕರೆಂಟು ಅಳೆಯುವ ಆಂಪಿಯರ್‌ನ ಹೆಸರಿನವನು ಹುಟ್ಟಿದ್ದು ಲಿಯಾನಿನಲ್ಲೇ. ಇಷ್ಟು ವರ್ಷ ಅವರ ಅನ್ನ ಉಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಇಷ್ಟಾಗಿಯೂ ಲಿಯಾನಿನ ಕ್ರುವಾ ರೂಸ್ ಸಂತೆಯಲ್ಲಿ ಟೊಮೆಟೊ ಮಾರುವವನು ಅರ್ಧ ಕಿಲೋ ಅನ್ನುವುದಿಲ್ಲ, 'ಒಂದು ಲಿವ್ರ್' ಅನ್ನುತ್ತಾನೆ. ಅದು ಹಳೇ ಕಾಲದ ತೂಕ. ನಾವು ಕಿಲೋ ಕಲಿತ ಮೇಲೂ ಪಾವು, ಸೇರು ಅನ್ನುತ್ತೇವಲ್ಲ, ಹಾಗೆ. ಅದನ್ನು ಕೇಳಿದಾಗ ಆ ಮನುಷ್ಯ ನಮ್ಮ ಊರಿನವನೇ ಅನ್ನಿಸಿಬಿಟ್ಟ.

ಮೇಲಿನ ಮನೆಯ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ನನಗೆ ಫ್ರೆಂಚರ ಮೇಲಿನ ಮುನಿಸು ಕರಗಿದ್ದರೆ ಅದಕ್ಕೆ ಅವರೇ ಜಾಸ್ತಿ ಕಾರಣ. ನಾವು ಅವರ ಬಗ್ಗೆ ಒಂದಷ್ಟು ಅಂದುಕೊಂಡಿದ್ದ ಹಾಗೇ ಅವರೂ ನಮ್ಮ ಬಗ್ಗೆ ಅಂದುಕೊಂಡಿದ್ದರು. ಭಾರತದವರೆಲ್ಲ ಬೆಳಿಗ್ಗೆ ಎದ್ದು ಯೋಗ ಮಾಡುತ್ತಾರೆ, ಖಾರವಿಲ್ಲದೆ ನೀರನ್ನೂ ಕುಡಿಯುವುದಿಲ್ಲ, ಮದುವೆಯಲ್ಲಿ ಎಲ್ಲರೂ ಕುಣಿಯುತ್ತಾರೆ. ನಾನು ನನಗೆ ಮೊಣಕಾಲು ನೋವು, ಯೋಗ ಆಗುವುದಿಲ್ಲ ಅಂದಾಗ ಅವರಿಗೆ ನಿಜಕ್ಕೂ ಬೇಸರವಾಯಿತು. ಫ್ರೆಂಚರು ಸೊಕ್ಕಿನವರು ಅಂತ ಹೊರಗಿನವರು ಅನ್ನುತ್ತಾರಲ್ಲ ಅಂತ ನಿನ್ನ ಮೂಲಕ ಮೆಲ್ಲಗೆ ಕೇಳಿದೆ. ಅವರು ತಕ್ಷಣ ಹೇಳಿದ್ದು: 'ಅದು ನಾವಲ್ಲ, ಪ್ಯಾರಿಸಿನವರು.' ಪ್ಯಾರಿಸಿನವರಿಗೆ ಪುರುಸೊತ್ತಿಲ್ಲ, ನಗಲು ಬರುವುದಿಲ್ಲ, ಊಟದ ರುಚಿ ಗೊತ್ತಿಲ್ಲ. ಇಂಗ್ಲಿಷರಿಗೆ ಅಡುಗೆಯೇ ಬರುವುದಿಲ್ಲ. ಹೇಳುವಾಗ ಅವರ ಮುಖದಲ್ಲಿ ಎಷ್ಟು ಪ್ರೀತಿ! ದ್ವೇಷ ಇದ್ದರೆ ಹಾಗೆ ಹೇಳಲು ಬರುವುದಿಲ್ಲ. ಹುಬ್ಬಳ್ಳಿ ಕಡೆಯವರು ನಮ್ಮ ಬಗ್ಗೆ 'ಮನೆಗೆ ಹೋದರೆ, ಊಟ ಮಾಡಿಕೊಂಡೇ ಬಂದಿರಬೇಕಲ್ವಾ ಅಂತ ಕೇಳುತ್ತಾರೆ' ಅಂತ ಹೇಳಿ ನಗುವುದಿಲ್ಲವೇ? ನಿಮ್ಮ ದೊಡ್ಡತ್ತೆಯನ್ನು ಧಾರವಾಡಕ್ಕೆ ಕೊಟ್ಟ ಮೇಲೆ ಇದನ್ನು ಎಷ್ಟು ಸಲ ಕೇಳಿದ್ದೇವೆ. ಕೇಳಿ ಕೇಳಿಯೇ ನೆಂಟಸ್ತನ ಗಟ್ಟಿಯಾಗಿದೆ.

ಹೆಸರುಗಳ ಆಟವೂ ಹಾಗೇ. ಹಬ್ಬಕ್ಕೆ ಅವರು ಬೇಯಿಸುವ ಟರ್ಕಿ ಕೋಳಿಗೆ ಅವರ ಹೆಸರು 'ದ್ಯಾಂದ್'. ಅಂದರೆ 'ಭಾರತದ್ದು'. ಅದು ಬಂದದ್ದು ಅಮೆರಿಕದಿಂದ, ನಮಗೂ ಅದಕ್ಕೂ ಸಂಬಂಧವೇ ಇಲ್ಲ. ಅಜ್ಜಿಗೆ ಇದನ್ನು ಹೇಳಿ ನಾವು ನಕ್ಕೆವು. ಆ ರಾತ್ರಿ ನನಗೆ ಪರಂಗಿ ಹಣ್ಣು ನೆನಪಿಗೆ ಬಂತು. ಪರಂಗಿ ಅನ್ನುವುದು 'ಫ್ರಾಂಕ್' ಎಂಬ ಹಳೇ ಹೆಸರಿನಿಂದ, ಪಾರ್ಸಿ ಭಾಷೆಯವರ ಬಾಯಲ್ಲಿ ತಿರುಗಿ ನಮ್ಮವರೆಗೆ ಬಂದ ಮಾತು. ಫ್ರಾನ್ಸ್ ಅನ್ನುವ ಹೆಸರೂ ಅದೇ ಫ್ರಾಂಕರಿಂದ ಬಂದದ್ದು. ಪರಂಗಿ ಹಣ್ಣೂ ಅಮೆರಿಕದ್ದೇ! ದೂರದಿಂದ ಬಂದದ್ದಕ್ಕೆಲ್ಲ ಅವರು ನಮ್ಮ ಹೆಸರಿಟ್ಟರು, ನಾವು ಅವರ ಹೆಸರಿಟ್ಟೆವು. ನಮ್ಮ ಹಿತ್ತಿಲಿನ ಪರಂಗಿ ಮರ ನೋಡಿದಾಗೆಲ್ಲ ಈಗ ಆ ಅಜ್ಜಿ ನೆನಪಾಗುತ್ತಾರೆ.

ಪರಿಚಯ ಹೊಸದೇನೂ ಅಲ್ಲ ಬಿಡು. ನೀನು ವಿಮಾನ ಹತ್ತುವ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ರಾಯಭಾರಿಗಳು 1788ರಲ್ಲೇ ಫ್ರಾನ್ಸಿನ ರಾಜನ ಮುಂದೆ ನಿಂತಿದ್ದರು. ಪಾಂಡವಪುರವನ್ನು ಬಹಳ ಕಾಲ 'ಫ್ರೆಂಚ್ ರಾಕ್ಸ್' ಅಂತ ಕರೆಯುತ್ತಿದ್ದದ್ದು ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ.

ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. ಕಂಪ್ಯೂಟರ್ ಬಂದಾಗ ಅವರು ಇಂಗ್ಲಿಷ್ ಪದವನ್ನು ಹಾಗೇ ಎತ್ತಿಕೊಳ್ಳಲಿಲ್ಲ. 1955ರಲ್ಲಿ ಜಾಕ್ ಪೆರೆ ಎಂಬ ಪ್ರೊಫೆಸರನ್ನು ಕೇಳಿ 'ಓರ್ದಿನಾತೆರ್' ಅಂತ ಹೆಸರಿಟ್ಟರು. ಆ ಹೆಸರು ಪುಸ್ತಕದಲ್ಲಿ ಉಳಿಯಲಿಲ್ಲ, ಅಂಗಡಿಯವನಿಂದ ಹಿಡಿದು ಶಾಲೆ ಮಗುವಿನವರೆಗೆ ಎಲ್ಲರೂ ಅದನ್ನೇ ಅನ್ನುತ್ತಾರೆ. ನಾವು 'ಗಣಕಯಂತ್ರ' ಅಂದರೆ ನಮ್ಮ ಮಕ್ಕಳೇ ನಕ್ಕರು. 1981ರಿಂದ ಪುಸ್ತಕಕ್ಕೆ ದೇಶದ ತುಂಬ ಒಂದೇ ಬೆಲೆ, ನೂರಕ್ಕೆ ಐದಕ್ಕಿಂತ ಜಾಸ್ತಿ ಬೆಲೆ ಇಳಿಸುವಂತಿಲ್ಲ. ಹಾಗಾಗಿ ದೊಡ್ಡ ಅಂಗಡಿಯವರು ಬೆಲೆ ಇಳಿಸಿ ಬೀದಿಯ ಪುಟ್ಟ ಪುಸ್ತಕದಂಗಡಿಯನ್ನು ಮುಳುಗಿಸಲು ಆಗುವುದಿಲ್ಲ. ಸಿನಿಮಾ ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಹೊಸ ಸಿನಿಮಾಗಳಿಗೇ ವಾಪಸ್ ಹೋಗುತ್ತದೆ, ಹಾಲಿವುಡ್ಡಿನ ಸಿನಿಮಾ ನೋಡಿದರೂ ಸಹ. ಇದನ್ನೆಲ್ಲ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು ಪುಟ್ಟಿ. ಕನ್ನಡಕ್ಕೂ ಯಾರಾದರೂ ಹೀಗೆ ಕಾವಲು ನಿಂತಿದ್ದರೆ ಅನ್ನಿಸಿತು.

ಆದರೆ ಅದೇ ಪ್ರೀತಿ ಬ್ರೆಟನ್, ಆಕ್ಸಿಟನ್ ಮುಂತಾದ ಅವರದೇ ನಾಡಿನ ಭಾಷೆಗಳನ್ನು ಹಿಂಡಿ ಹಾಕಿದೆ. ಮನೆಮಾತು ಆಡಿದ ಮಕ್ಕಳನ್ನು ಶಾಲೆಯಲ್ಲಿ ಶಿಕ್ಷಿಸಿದ ಕಾಲ ಇತ್ತು. ಸಣ್ಣ ಭಾಷೆಗಳನ್ನು ಕಾಪಾಡುವ ಯುರೋಪಿನ ಒಪ್ಪಂದಕ್ಕೆ 1999ರಲ್ಲಿ ಸಹಿ ಹಾಕಿದರು, ಇವತ್ತಿಗೂ ಅದನ್ನು ಜಾರಿಗೆ ತಂದಿಲ್ಲ. ನನ್ನ ಕ್ಲಾಸಿನಲ್ಲಿ ತೆಲುಗು, ಉರ್ದು, ತಮಿಳು ಮನೆಮಾತಿನ ಮಕ್ಕಳು ಕೂತಿರುತ್ತಿದ್ದರು. ಅವರ ಬಾಯಿ ಮುಚ್ಚಿಸಿ ಕನ್ನಡ ಬೆಳೆಸಬೇಕು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಇದೊಂದರಲ್ಲಿ ಅವರನ್ನು ನಾನು ಕ್ಷಮಿಸುವುದಿಲ್ಲ. ನೀನೂ ಅಲ್ಲಿ ಯಾರಾದರೂ ಈ ಮಾತು ಎತ್ತಿದರೆ ಸುಮ್ಮನಿರಬೇಡ.

ಆನೆಸಿ ಅನ್ನುವ ಊರಿಗೆ ಹೊರಟ ದಿನ ರೈಲು ಮುಷ್ಕರ ಆಗಿತ್ತಲ್ಲ. ಬುತ್ತಿ ಕಟ್ಟಿಕೊಂಡು, ಸೀರೆ ಉಟ್ಟು, ಸ್ಟೇಷನ್ನಿನಲ್ಲಿ ಎರಡು ಗಂಟೆ ಕೂತು ವಾಪಸ್ ಬಂದೆವು. 'ಈ ಜನರಿಗೆ ಮುಷ್ಕರ ಬಿಟ್ಟರೆ ಬೇರೆ ಕೆಲಸ ಇಲ್ಲ' ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿದ್ದು ಮುಂದಿನ ವಾರ, ಕ್ರುವಾ ರೂಸ್ ಬೆಟ್ಟದ ಮೇಲಿನ ನೇಕಾರರ ಮ್ಯೂಸಿಯಮ್ಮಿಗೆ ಹೋದಾಗ.

ನೀನು ಅದನ್ನು ಬರೀ ಪ್ರವಾಸದ ಜಾಗ ಅಂತ ಕರೆದುಕೊಂಡು ಹೋಗಿದ್ದೆ. ನಾನು ಬಾಗಿಲು ದಾಟಿ ಮಗ್ಗದ ಸದ್ದು ಕೇಳಿ ನಿಂತುಬಿಟ್ಟೆ. ನಾನು ಹುಟ್ಟಿದ ಮನೆಯ ಸದ್ದು ಅದು. ಮಗ್ಗದ ತಲೆಯ ಮೇಲೆ ಬಟ್ಟೆಯಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರ, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರ, ಪ್ರತಿ ಕಾರ್ಡಿನಲ್ಲೂ ತೂತುಗಳು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ನಿಮ್ಮ ತಾತ ಇದೇ ಕಾರ್ಡುಗಳನ್ನು ದಾರದಲ್ಲಿ ಹೊಲಿಯುವಾಗ ನಾನು ನಂಬರು ಕೂಗುತ್ತಿದ್ದೆ. ನನಗೆ ಲೆಕ್ಕ ಹತ್ತಿದ್ದೇ ಅಲ್ಲಿ. ನಮ್ಮ ಬೀದಿಯಲ್ಲಿ ಎಲ್ಲರೂ ಜಕಾರ್ಡ್ ಅನ್ನುತ್ತಿದ್ದರು. ಅದು ಒಬ್ಬ ಮನುಷ್ಯನ ಹೆಸರು, ಅವನು 1752ರಲ್ಲಿ ಲಿಯಾನಿನಲ್ಲಿ ಹುಟ್ಟಿದವನು, 1804ರ ಹೊತ್ತಿಗೆ ಈ ಯಂತ್ರಕ್ಕೆ ರೂಪ ಕೊಟ್ಟವನು ಅಂತ ತಾತನಿಗೆ ಗೊತ್ತೇ ಇರಲಿಲ್ಲ. ಅವನ ಮುಂಚೆ ಮಗ್ಗದ ಪಕ್ಕ ಒಬ್ಬ ಹುಡುಗ ನಿಂತು ದಿನವಿಡೀ ಹಗ್ಗ ಎಳೆಯಬೇಕಿತ್ತಂತೆ.

ಆ ಬೆಟ್ಟದ ಮನೆಗಳ ಸೂರು ನಾಲ್ಕು ಮೀಟರ್ ಎತ್ತರ ಯಾಕೆ ಗೊತ್ತಾ? ಜಕಾರ್ಡ್ ಮಗ್ಗ ಹಿಡಿಸಬೇಕಲ್ಲ, ಅದಕ್ಕೆ. ಮನೆಯಲ್ಲೇ ಮಗ್ಗ, ಮನೆಯಲ್ಲೇ ಒಲೆ, ಸಾಹುಕಾರ ಕೊಟ್ಟ ರೇಷ್ಮೆ, ಸಾಹುಕಾರ ಹೇಳಿದ ಕೂಲಿ. ನಮ್ಮ ದೊಡ್ಡಬಳ್ಳಾಪುರದ ಕೂಲಿ ನೇಯ್ಗೆಯ ಹಾಗೇ. ಅಲ್ಲಿ ನೇಕಾರರನ್ನು 'ಕಾನ್ಯೂ' ಅನ್ನುತ್ತಾರೆ. 1831ರಲ್ಲಿ ಅವರು ಕೂಲಿಗೆ ಒಂದು ಕನಿಷ್ಠ ದರ ಕೇಳಿದರು. ದರ ನಿಗದಿಯಾಯಿತು, ಆದರೆ ಕೆಲವು ವ್ಯಾಪಾರಿಗಳು ಕೊಡುವುದಿಲ್ಲ ಅಂದರು. ನೇಕಾರರು ಮಗ್ಗ ನಿಲ್ಲಿಸಿ ಬೆಟ್ಟ ಇಳಿದು ಬಂದು ಕೆಲವು ದಿನ ಇಡೀ ಊರನ್ನೇ ಹಿಡಿದರು. 'ದುಡಿದು ಬದುಕುತ್ತೇವೆ, ಇಲ್ಲ ಹೋರಾಡಿ ಸಾಯುತ್ತೇವೆ' ಅಂತ ಅವರ ಕಪ್ಪು ಬಾವುಟದ ಮೇಲಿತ್ತು. ಸೈನ್ಯ ಬಂತು, ದರ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ನೂರಾರು ಜನ ಸತ್ತರು.

ನೂಲಿನ ಬೆಲೆ ಏರಿ ಮಗ್ಗ ನಿಂತ ದಿನಗಳಲ್ಲಿ ತಾತ ಜಗುಲಿಯ ಮೇಲೆ ಮಾತಿಲ್ಲದೆ ಕೂತಿರುತ್ತಿದ್ದದ್ದು ನನ್ನ ಕಣ್ಣ ಮುಂದೆ ಬಂತು. ಅಲ್ಲಿ ನಾನು ಅತ್ತದ್ದು ಯಾಕೆ ಅಂತ ನೀನು ಕೇಳಿದೆ, ನಾನು ಹೇಳಲಿಲ್ಲ. ಇದೇ ಕಾರಣ. ಅವರ ಮುಷ್ಕರ, ಐದು ವಾರದ ಸಂಬಳದ ರಜಾ, ಕೆಲಸದ ಮೇಜಿನಲ್ಲೇ ಊಟ ಮಾಡಿಸಬಾರದು ಎಂಬ ಕಾನೂನು, ಯಾವುದೂ ಸುಮ್ನೆ ಬಂದದ್ದಲ್ಲ. 1936ರಲ್ಲಿ ಎರಡು ವಾರ ರಜಾ ಸಿಕ್ಕಿದ್ದೂ ಲಕ್ಷಾಂತರ ಜನ ಕೆಲಸ ನಿಲ್ಲಿಸಿದ ಮೇಲೆಯೇ. ಹನ್ನೆರಡು ಗಂಟೆಗೆ ನಿನ್ನ ಮುಂದೆ ಬಾಗಿಲು ಹಾಕಿದ ಆ ಗುಮಾಸ್ತೆಯ ಮೇಲೆ ನನಗೆ ಈಗಲೂ ಸ್ವಲ್ಪ ಕೋಪ ಇದೆ. ಆದರೆ ಅವಳು ಬಿಸಿ ಊಟ ಮಾಡಲಿ ಅಂತಲೂ ಅನ್ನಿಸುತ್ತದೆ. ನಾನು ಮೂವತ್ತು ವರ್ಷ ಪರೀಕ್ಷೆ ಪೇಪರು ತಿದ್ದುತ್ತಾ ತಣ್ಣಗಿನ ಡಬ್ಬಿ ತಿಂದವಳು.

ಅವತ್ತು ಸಂಜೆ ಅಜ್ಜಿಗೆ ನಾನೂ ನೇಕಾರರ ಮಗಳು ಅಂತ ನೀನು ಹೇಳಿದೆಯಲ್ಲ. ಮಾರನೇ ದಿನ ಅವರು ಒಂದು ಬಟ್ಟಲು ತಂದುಕೊಟ್ಟರು. ಗಟ್ಟಿ ಮೊಸರಿನಂಥ ಬಿಳಿ ಗಿಣ್ಣಿಗೆ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹಸಿರು ಸೊಪ್ಪು ಹೆಚ್ಚಿ ಕಲೆಸಿದ್ದು. ಮಾಂಸ ತಿನ್ನದ ನನಗೆ ಆ ಊರಿನಲ್ಲಿ ಸಿಕ್ಕ ಅತಿ ರುಚಿಯಾದ ತಿನಿಸು, ನಮ್ಮ ಮೊಸರು ಬಜ್ಜಿಯ ಅಕ್ಕನ ಹಾಗೆ. ಅದರ ಹೆಸರು 'ಸೆರ್ವೆಲ್ ದ ಕಾನ್ಯೂ', ಅಂದರೆ ನೇಕಾರನ ಮಿದುಳು. ಉಳ್ಳವರು ನೇಕಾರರನ್ನು ಹಂಗಿಸಿ ಇಟ್ಟ ಹೆಸರಂತೆ. ಈಗ ಇಡೀ ಲಿಯಾನ್ ಅದನ್ನು ಹೆಮ್ಮೆಯಿಂದ ತಿನ್ನುತ್ತದೆ. ಅಜ್ಜಿ ನನ್ನ ಕೈ ಹಿಡಿದು ಏನೋ ಹೇಳಿದರು. ನೀನು ಅನುವಾದ ಮಾಡುವ ಮೊದಲೇ ನನಗೆ ಅರ್ಥವಾಗಿತ್ತು.

ಕೊರಿಯರಿನಲ್ಲಿ ಚಟ್ನಿಪುಡಿ ಕಳಿಸಿದ್ದೇನೆ. ಸಣ್ಣ ಪೊಟ್ಟಣ ಅಜ್ಜಿಗೆ, ಅದಕ್ಕೆ ಮೆಣಸಿನಕಾಯಿ ಕಮ್ಮಿ ಹಾಕಿದ್ದೇನೆ. ಕೆಳಗೆ ಒಂದು ಲಕೋಟೆ ಇದೆ, ಜೋಪಾನ. ಹೋದ ವಾರ ಅಟ್ಟ ಗುಡಿಸುವಾಗ ತಾತನ ಹಳೇ ಕಾರ್ಡುಗಳ ಒಂದು ಕಟ್ಟು ಸಿಕ್ಕಿತು. ಅದರಲ್ಲಿ ಹನ್ನೆರಡನ್ನು ಇಟ್ಟಿದ್ದೇನೆ. ಯಾವ ಸೀರೆಯದು, ಅಂಚಿನದಾ ಸೆರಗಿನದಾ ಅಂತ ನಿಮ್ಮಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತೂತುಗಳನ್ನು ಎಣಿಸಿ ಹಾಳೆಯಲ್ಲಿ ಬರೆದು ನೋಡಿದೆ. ಒಂದು ಬಳ್ಳಿಯ ಹಾಗೆ ಏನೋ ಏಳುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಮ್ಯೂಸಿಯಮ್ಮಿನಲ್ಲಿ ಮಗ್ಗ ನಡೆಸಿ ತೋರಿಸಿದ ಆ ಹೆಂಗಸಿಗೆ ಒಂದು ಸಲ ತೋರಿಸುತ್ತೀಯಾ? ಮಿಕ್ಕ ಕಾರ್ಡುಗಳು ಬೇಕು ಅಂದರೆ ಹೇಳು, ಕಳಿಸುತ್ತೇನೆ.

ನಿನ್ನ ಅಮ್ಮ